ಆತುರವೇನಿಲ್ಲ

ಎದುರಿನ ಬೆಂಚಿನ ಒಂದು ಕಾಲಿಗೆ ಕಾಗದ ಮಡಚಿ ಕೊಟ್ಟಿದ್ದಾರೆ, ನಾಲ್ಕು ಮಡಿಕೆ, ಅದೂ ನೆಲ ಒರೆಸಿದ ನೀರಿಗೆ ನೆನೆದು ಚಪ್ಪಟೆಯಾಗಿದೆ, ಯಾರು ಕೂತರೂ ಟಕ್ ಅಂತ ಎಡಕ್ಕೆ ವಾಲುತ್ತದೆ, ಕೂತವರು ಬೆಚ್ಚಿ ಪಕ್ಕದವರ ಮುಖ ನೋಡುತ್ತಾರೆ, ತಪ್ಪು ಅವರದೇ ಅನ್ನುವ ಹಾಗೆ — ಕಾಗದ ಎಷ್ಟು ದಿನ ತಡೆದೀತು, ಹಳೇ ಚಪ್ಪಲಿಯ ಅಟ್ಟೆ ಕತ್ತರಿಸಿ ಕೊಟ್ಟಿದ್ದರೆ ವರ್ಷಗಟ್ಟಲೆ ಮಿಸುಕುತ್ತಿರಲಿಲ್ಲ, ಮನೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ನು ಕುಣಿಯತೊಡಗಿದಾಗ ಅವಳು ಮಾಡಿದ್ದು ಅದನ್ನೇ, ರಿಪೇರಿಯವನು ಬಗ್ಗಿ ನೋಡಿ, ಯಾರ್ರೀ ಇದನ್ನ ಮಾಡಿದ್ದು, ಭಾರಿ ತಲೆ ಅಂದಿದ್ದ, ಪಕ್ಕದಲ್ಲೇ ನಿಂತಿದ್ದ ಗಂಡ ಎಷ್ಟಾಯ್ತಪ್ಪ ಅಂತ ಕೇಳಿದ್ದ — ಇಂಥದ್ದನ್ನೆಲ್ಲ ಅರ್ಜಿಯಲ್ಲಿ ಎಲ್ಲಿ ಬರೆಯುವುದು, ಅನುಭವ ಅಂತ ಒಂದು ಕಲಂ ಇತ್ತು, ಆಸ್ಪತ್ರೆಯ ಲ್ಯಾಬಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಜನರ ರಕ್ತ ತೆಗೆಯುತ್ತಿದ್ದ ಆರು ವರ್ಷ ಅದರಲ್ಲಿ ಒಂದೇ ಸಾಲಿಗೆ ಮುಗಿದುಹೋಯಿತು, ಆಮೇಲೆ ಮಗಳು ಹೊಟ್ಟೆಯಲ್ಲಿದ್ದಾಗ ಬಿಟ್ಟದ್ದು, ಆಮೇಲಿನ ಹದಿನಾಲ್ಕು ವರ್ಷಕ್ಕೆ ಪೆನ್ನು ಸುಮ್ಮನೆ ಕೆಳಗಿನ ಕಲಂಗೆ ಇಳಿಯಿತು, ಭಾಷೆಗಳು, ವಯಸ್ಸು, ನಲವತ್ತೊಂದು. ಈಗ ಏಳೂವರೆ. ಲ್ಯಾಬಿನ ಮುಂದೆ ಖಾಲಿ ಹೊಟ್ಟೆಯಲ್ಲಿ ಬಂದವರ ಸಾಲು, ಹಸಿವಿಗೆ ಎಲ್ಲರ ಮುಖದಲ್ಲೂ ಒಂದೇ ನಮೂನೆಯ ಸಿಡುಕು, ಅವಳೂ ಏನೂ ತಿಂದಿಲ್ಲ, ಆದರೆ ಅವಳು ರಕ್ತ ಕೊಡಲು ಬಂದವಳಲ್ಲ, ತೆಗೆಯಲು ಬಂದವಳು, ಹಾಗಂತ ಪಕ್ಕದ ಮುದುಕರಿಗೆ ಹೇಳಬೇಕು ಅನ್ನಿಸಿ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು, ಇವತ್ತು ನನ್ನ ಪರೀಕ್ಷೆ ಅಜ್ಜ, ಇಬ್ಬರಿಗೆ ಚುಚ್ಚಿ ತೋರಿಸಬೇಕಂತೆ, ಕೈ ನಡುಗಿದರೆ ಮನೆಗೆ.

ಮನೆಗೆ ಅಂದರೆ ಯಾವ ಮನೆಗೆ. ಗಂಡ ಅದನ್ನು ಹೇಳಿದಾಗ ಅವಳು ಇಸ್ತ್ರಿ ಹಾಕುತ್ತಿದ್ದಳು, ಅವನದೇ ಅಂಗಿ, ತಿಳಿನೀಲಿಯದು, ಕಾಲರು ಮುಗಿದಿತ್ತು, ಬೆನ್ನು ಮುಗಿದಿತ್ತು, ಒಂದು ತೋಳೂ ಮುಗಿದಿತ್ತು, ಅವನು ಬಾಗಿಲ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡ, ಸಭೆಯಲ್ಲಿ ಮಾತಾಡುವವರ ಹಾಗೆ, ನೋಡು, ನಾನು ತುಂಬ ದಿನದಿಂದ ಯೋಚ್ನೆ ಮಾಡಿದೀನಿ, ನಮ್ಮಿಬ್ಬರ ಮಧ್ಯೆ ಏನೂ ಉಳ್ದಿಲ್ಲ, ಅದು ನಿನಗೂ ಗೊತ್ತು, ಬೇರೆ ಆಗೋದು ಒಳ್ಳೇದು, ಮಗಳ ಪರೀಕ್ಷೆ ಎಲ್ಲ ಮುಗೀಲಿ, ಆತುರವೇನಿಲ್ಲ — ಆತುರವೇನಿಲ್ಲ ಅಂದ, ಅಂಗಡಿಯಲ್ಲಿ ಸಾಮಾನು ಬರೆಸಿ, ನಿಧಾನಕ್ಕೆ ಕಳಿಸಿ ಅನ್ನುತ್ತಾರಲ್ಲ ಹಾಗೆ, ಅವಳಿಗೆ ಇನ್ನೊಂದು ತೋಳು ಬಾಕಿ ಇತ್ತು, ಅದಕ್ಕೂ ಇಸ್ತ್ರಿ ಹಾಕಿದಳು, ನೀರು ಚಿಮುಕಿಸಿ, ಅಂಚು ಹಿಡಿದು, ಗೆರೆ ಬರುವ ಹಾಗೆ, ಮರುದಿನ ಅವನು ಅದನ್ನೇ ತೊಟ್ಟುಕೊಂಡು ಆಫೀಸಿಗೆ ಹೋದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಕೈ ಎತ್ತಿದ್ದರೆ ಊರಿಗೆಲ್ಲ ಹೇಳಬಹುದಿತ್ತು, ಇವನು ಯಾವತ್ತೂ ಕೈ ಎತ್ತಿದವನಲ್ಲ, ಕುಡಿದವನಲ್ಲ, ಇನ್ನೊಬ್ಬಳ ಸುಳಿವೂ ಇಲ್ಲ, ಜೇಬು ನೋಡಿದಳು, ನಾಚಿಕೆಗೇಡು, ಅದನ್ನೂ ಮಾಡಿದಳು, ಬಸ್ಸಿನ ಟಿಕೆಟ್ಟು ಮತ್ತು ಒಂದು ಶುಂಠಿ ಪೆಪ್ಪರಮಿಂಟು ಬಿಟ್ಟರೆ ಏನಿಲ್ಲ — ಇನ್ನೊಬ್ಬಳಿದ್ದಿದ್ದರೆ ವಾಸಿಯಿತ್ತೇನೋ, ತನಗಿಂತ ಯಾರೋ ಚಂದ ಅಂದುಕೊಳ್ಳಬಹುದಿತ್ತು, ಯಾರೂ ಇಲ್ಲದಿರುವುದೇ ತನಗಿಂತ ಚಂದ ಅಂದರೆ ಆ ಮಾತನ್ನು ಎಲ್ಲಿಡುವುದು. ಅಮ್ಮನಿಗೆ ಫೋನಿನಲ್ಲಿ ಹೇಳಿದಳು, ಗಂಡಸರ ಮನಸ್ಸು ಮೋಡ ಇದ್ದಂಗೆ ಕಣೇ, ಸರಿದುಹೋಗುತ್ತೆ, ನೀನು ಬಾಯಿ ಮುಚ್ಚಿಕೊಂಡು ಹೊಂದಿಕೊಂಡು ಹೋಗು, ಅಂದಹಾಗೆ ಇಲ್ಲಿ ನಿನ್ನ ತಮ್ಮನ ಮನೇಲಿ ಜಾಗ ಎಲ್ಲಿದೆ ಹೇಳು — ಬರುತ್ತೇನೆ ಅಂತ ಅವಳು ಅಂದಿರಲೇ ಇಲ್ಲ.

ಆಮೇಲೆ ವಕೀಲರಮ್ಮ, ಔಷಧಿ ಅಂಗಡಿಯ ಮೇಲಿನ ಮಹಡಿ, ಕಡಿದಾದ ಮೆಟ್ಟಿಲು, ಮೇಜಿನ ಮೇಲೆ ಫೈಲುಗಳ ನಡುವೆ ಅರ್ಧ ತಿಂದ ಬಾಳೆಹಣ್ಣು, ಇವಳು ಕೂತದ್ದೇ ಅಳಲು ಶುರುಮಾಡಿದಳು, ಆಯಮ್ಮ ಎರಡು ನಿಮಿಷ ಬಿಟ್ಟು, ಆಯ್ತಾ, ಈಗ ಕೇಳಿ, ಕಾಗದ ಮೊದಲು, ಕಣ್ಣೀರು ಆಮೇಲೆ, ಆತುರ ಇಲ್ಲ ಅಂದ್ರಾ ನಿಮ್ಮೆಜಮಾನ್ರು, ಒಳ್ಳೇದಾಯ್ತು, ಆ ಆತುರ ನಿಮಗಿರಲಿ. ಮನೆ ಬಿಟ್ಟು ಹೊರಡಬೇಡಿ, ಓದದೆ ಸಹಿ ಹಾಕಬೇಡಿ, ಓದಿದ ಮೇಲೂ ನನಗೆ ತೋರಿಸದೆ ಹಾಕಬೇಡಿ, ಮನೆ ಪತ್ರ, ವಿಮೆ, ಬ್ಯಾಂಕು, ಸಂಬಳದ ಚೀಟಿ, ಎಲ್ಲದರ ಒಂದೊಂದು ನಕಲು, ನಿಮ್ಮ ಹೆಸರಲ್ಲೇ ಒಂದು ಖಾತೆ, ಆಮೇಲೆ ಒಂದು ಕೆಲಸ — ಜೀವನಾಂಶ ಬರುತ್ತೆ, ಬರಲ್ಲ ಅಂತಲ್ಲ, ಆದ್ರೆ ಅದು ಊರುಗೋಲು ಅಮ್ಮಾ, ಕಾಲಲ್ಲ, ಮದುವೆಗೆ ಮುಂಚೆ ಏನು ಮಾಡ್ತಿದ್ರಿ, ರಕ್ತ ತೆಗೀತಿದ್ದೆ ಅಂದಳು, ವಕೀಲರಮ್ಮ ಮೊದಲ ಸಲ ನಕ್ಕರು, ನಾನೂ ಅದನ್ನೇ ಮಾಡೋದು ಅಂತಾರೆ ಜನ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಸರ್ಟಿಫಿಕೇಟು ಹುಡುಕಿದಳು, ಮಗಳ ಮೊದಲ ಸ್ವೆಟರು, ಬಿದ್ದ ಹಾಲುಹಲ್ಲು ಇಟ್ಟ ಡಬ್ಬಿ, ಅದರಡಿಯಲ್ಲಿ ಕಾಗದ, ಅಂಚು ಹಳದಿಯಾಗಿದೆ, ಫೋಟೋದಲ್ಲಿ ಇಪ್ಪತ್ತೊಂದರ ಹುಡುಗಿ, ಯಾರ ಅಪ್ಪಣೆಗೂ ಕಾಯದವಳ ಹಾಗೆ ನೇರ ನೋಡುತ್ತಿದ್ದಾಳೆ, ಅದರ ಜೊತೆಗೇ ಹಳೇ ಪಾಸ್‌ಬುಕ್ಕು, ಆರು ವರ್ಷದ ಉಳಿತಾಯವನ್ನೆಲ್ಲ ಒಂದೇ ದಿನ ತೆಗೆದದ್ದು, ಈ ಮನೆಯ ಸೈಟಿನ ಮುಂಗಡಕ್ಕೆ, ಹೌದಲ್ಲ, ಮರೆತೇ ಹೋಗಿತ್ತು, ಮನೆಗೆ ಬಂದವರಿಗೆಲ್ಲ ಅವನು ನಾನು ಕಟ್ಟಿಸಿದ್ದು ನಾನು ಕಟ್ಟಿಸಿದ್ದು ಅಂದು ಅಂದು ಅವಳಿಗೂ ಹಾಗೇ ಅನ್ನಿಸಿಬಿಟ್ಟಿತ್ತು — ಇದು ಚಿನ್ನ ಕಣಮ್ಮ ಅಂತ ವಕೀಲರಮ್ಮ ಆ ಪಾಸ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬ್ಯಾಂಕಿನಲ್ಲಿ ಖಾತೆ ತೆರೆಯುವ ಹುಡುಗ ಕೀಲಿ ಒತ್ತುತ್ತಾ ಉದ್ಯೋಗ ಅಂದ, ಮನೇಲೇ ಅಂದಳು, ಮನೇಲಿ ಏನು ಕೆಲ್ಸ ಮೇಡಂ, ಎಲ್ಲಾ ಕೆಲ್ಸ ಅಂದಳು, ಅವನು ಪರದೆ ನೋಡಿಕೊಂಡೇ ಇಲ್ಲ ಅಂತ ಒತ್ತಿದ, ಪರದೆಯ ಬೆಳಕು ಅವನ ಕನ್ನಡಕದಲ್ಲಿ ಕಾಣುತ್ತಿತ್ತು, ಉದ್ಯೋಗ — ಇಲ್ಲ, ಸಹಿ ಮಾಡಿ ಮೇಡಂ ಇಲ್ಲಿ. ಆಮೇಲೆ ಆರು ವಾರದ ತರಬೇತಿ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು, ಹನ್ನೊಂದರಿಂದ ಎರಡು, ಅವಳ ಕಾಲದಲ್ಲಿ ಸಿರಿಂಜಿನಲ್ಲಿ ಎಳೆದು ಗಾಜಿನ ನಳಿಕೆಗೆ ಬಿಡುವುದಿತ್ತು, ಈಗ ನಳಿಕೆಯೇ ತಾನಾಗಿ ಹೀರಿಕೊಳ್ಳುತ್ತದೆ, ಕೆಂಪು ಮುಚ್ಚಳ ಯಾವುದಕ್ಕೆ, ನೇರಳೆ ಮುಚ್ಚಳ ಯಾವುದಕ್ಕೆ, ಅಡುಗೆಮನೆಯ ಡಬ್ಬಿಗಳಿಗೆ ಹೆಸರಿಟ್ಟು ಬಾಯಿಪಾಠ ಮಾಡಿದಳು, ಉಳಿದವರೆಲ್ಲ ಇಪ್ಪತ್ತು ಇಪ್ಪತ್ತೆರಡರ ಹುಡುಗಿಯರು, ಮೊದಲ ದಿನ ಆಂಟಿ, ನೀವು ಕ್ಲಾಸ್ ತಗೊಳೋಕೆ ಬಂದಿರೋದಾ ಅಂತ ಎದ್ದು ನಿಂತುಬಿಟ್ಟಿದ್ದರು, ಅಲ್ಲ ಕಣ್ರಮ್ಮ, ಕಲಿಯೋಕೆ ಬಂದಿರೋದು, ಕೂತ್ಕೊಳಿ.

ಅವಳನ್ನು ಕರೆದರು, ಅರ್ಜಿಯ ನಂಬರಿನಿಂದ ಕರೆದರು, ಎದ್ದಳು. ಲ್ಯಾಬಿನ ಮೇಲ್ವಿಚಾರಕಿ ಅವಳಿಗಿಂತ ಹತ್ತು ವರ್ಷವಾದರೂ ಚಿಕ್ಕವಳು, ಕೂದಲನ್ನು ಬಿಗಿಯಾಗಿ ಕಟ್ಟಿದ್ದಾಳೆ, ಅರ್ಜಿ ನೋಡಿ, ಮಧ್ಯೆ ಗ್ಯಾಪ್ ಇದೆಯಲ್ಲ ಅಂದಳು, ಮಗಳಿದಾಳೆ ಅಂದಳು ಇವಳು, ಅಷ್ಟೇ ಅಂದದ್ದು, ಅದು ಉತ್ತರವಾ ಅಂತ ಆಮೇಲೆ ಅನ್ನಿಸಿತು, ಮೇಲ್ವಿಚಾರಕಿ ಗ್ಲೌಸು ತೋರಿಸಿ ಗೋಡೆಗೊರಗಿ ಕೈಕಟ್ಟಿ ನಿಂತಳು, ಮೊದಲನೆಯವನು ಗಾರೆ ಮೇಸ್ತ್ರಿ, ಎಮ್ಮೆಯಂಥ ಆಳು, ಉಗುರಿನ ಸಂದಿಯಲ್ಲಿ ಸಿಮೆಂಟು, ಕುರ್ಚಿಗೆ ಬಂದು ಕೂತವನೇ ಕಣ್ಣು ಮುಚ್ಚಿದ, ಮೇಡಂ ಹೊಸಬ್ರಾ, ಇಲ್ಲಪ್ಪ, ಈ ಕೆಲ್ಸ ಶುರು ಮಾಡಿ ಇಪ್ಪತ್ತು ವರ್ಷ ಆಯ್ತು ಅಂದಳು, ಸುಳ್ಳೇನಲ್ಲ, ಶುರು ಮಾಡಿ ಇಪ್ಪತ್ತು ವರ್ಷವೇ, ನಡುವೆ ಏನಾಯಿತು ಅಂತ ಅವನು ಕೇಳಿದನೇ, ರಬ್ಬರ್ ಪಟ್ಟಿ ಬಿಗಿದಳು, ಮುಷ್ಟಿ ಹಿಡಿ, ಹಗ್ಗದಂಥ ನರ, ಕುರುಡರೂ ಚುಚ್ಚಬಹುದು, ತರಬೇತಿಯ ರಬ್ಬರಿನ ತೋಳು ತಣ್ಣಗೆ ಬಿದ್ದಿರುತ್ತಿತ್ತು, ಇದು ಬೆಚ್ಚಗಿದೆ, ಇದರೊಳಗೆ ಏನೋ ಓಡುತ್ತಿದೆ, ಎಷ್ಟು ದಿನವಾಯಿತು ಒಂದು ಗಂಡಸಿನ ಚರ್ಮ ಮುಟ್ಟಿ, ಛೀ, ಏನು ಯೋಚನೆ, ಸೂಜಿ ಒಳಗೆ ಹೋಯಿತು, ರಕ್ತ ನಳಿಕೆಗೆ ಜಿಗಿಯಿತು, ಆಯ್ತು ಕಣ್ಬಿಡಪ್ಪ, ಆಯ್ತಾ, ಗೊತ್ತೇ ಆಗಲಿಲ್ಲ, ಮೇಡಂ ನಿಮ್ಮ ಕೈ ಹೂವು. ಹೂವು ಅಂದ, ಸಿಮೆಂಟಿನ ಕೈಯವನು, ಅಷ್ಟಕ್ಕೇ ಎದೆ ಉಬ್ಬಿತು, ಉಬ್ಬಬಾರದಿತ್ತು — ಎರಡನೆಯವಳು ಕಡ್ಡಿಯಂಥ ಮುದುಕಿ, ಚರ್ಮ ಈರುಳ್ಳಿ ಸಿಪ್ಪೆ, ನರ ಕಾಣುತ್ತದೆ, ಮುಟ್ಟಿದರೆ ಜಾರಿ ಪಕ್ಕಕ್ಕೆ ಹೋಗುತ್ತದೆ, ಚುಚ್ಚಿದಳು, ಇಲ್ಲ, ಒಳಗೆ ಸ್ವಲ್ಪ ಸರಿಸಿದಳು, ಇಲ್ಲ, ನಳಿಕೆ ಖಾಲಿ, ಅಯ್ಯೋ ಮಗಳೇ ಅಂತು ಮುದುಕಿ, ಕೂಗಲೂ ಇಲ್ಲ, ಮೆಲ್ಲಗೆ ಅಂತು, ಅದೇ ಕೆಟ್ಟದಾಯಿತು, ಕಿವಿ ಬಿಸಿಯಾಯಿತು, ಮತ್ತೆ ಅಲ್ಲೇ ಚುಚ್ಚು, ಬೇಗ ಚುಚ್ಚು, ಮೇಲ್ವಿಚಾರಕಿ ನೋಡುತ್ತಿದ್ದಾಳೆ — ಚುಚ್ಚಲಿಲ್ಲ. ಸೂಜಿ ತೆಗೆದು ಹತ್ತಿ ಒತ್ತಿದಳು, ತಪ್ಪಾಯ್ತಮ್ಮ, ಒಂದು ನಿಮಿಷ ಕೊಡಿ, ಆ ಇನ್ನೊಂದು ಕೈಯನ್ನು ತನ್ನೆರಡೂ ಕೈಯೊಳಗೆ ಇಟ್ಟುಕೊಂಡು ಕೂತಳು, ಬೆಚ್ಚಗಾಗಲಿ ಅಂತ, ಗಡಿಯಾರದ ಮುಳ್ಳು ಒಂದು ಸುತ್ತು ಬಂತು, ಎರಡು ಸುತ್ತು, ಮುದುಕಿ ಹೇಳುತ್ತದೆ, ನನ್ನ ಕೈ ಹಿಂಗೆ ಹಿಡ್ಕೊಂಡು ಯಾರೂ ಕೂತಿರಲಿಲ್ಲವ್ವ, ಅವರು ಹೋದ್ಮೇಲೆ, ಇವಳು ಕಣ್ಣು ಮುಚ್ಚಿ ಬೆರಳ ತುದಿಯಲ್ಲಿ ಹುಡುಕಿದಳು, ಅಂಗೈ ಹಿಂಬದಿ, ಇಲ್ಲಿ, ಎಳೆ ದಾರದ ಹಾಗೆ, ಇಲ್ಲೇ. ಬಂತು. ನಿಧಾನವಾಗಿ, ಬೇಕೋ ಬೇಡವೋ ಅನ್ನುವ ಹಾಗೆ ಬಂತು, ಆದರೂ ಬಂತು. ಮೇಲ್ವಿಚಾರಕಿ ಕಟ್ಟಿದ ಕೈ ಬಿಟ್ಟು ಹತ್ತಿರ ಬಂದು ಹೇಳಿದಳು, ತಪ್ಪೋದು ನಂಗೂ ತಪ್ಪುತ್ತೆ, ತಪ್ಪಿದ ಮೇಲೆ ಏನ್ಮಾಡ್ತೀರ ಅಂತ ನೋಡ್ತಿದ್ದೆ, ಬೆಳಿಗ್ಗೆ ಆರೂವರೆಯಿಂದ ಮಧ್ಯಾಹ್ನ ಒಂದರವರೆಗೆ, ಮೂರು ತಿಂಗಳು ನೋಡೋಣ, ಸೋಮವಾರ ಬಂದ್ಬಿಡಿ.

ನೇಮಕದ ಆರ್ಡರಿನ ಕಾಗದಕ್ಕೆ ಹನ್ನೆರಡರವರೆಗೆ ಕಾಯಿಸಿದರು, ಕಾದಳು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಮೊಬೈಲು ತೆಗೆದಳು, ಹೆಬ್ಬೆರಳು ತಾನಾಗಿ ಅವನ ನಂಬರಿನ ಮೇಲೆ ಹೋಗಿ ನಿಂತಿತ್ತು, ಹದಿನಾಲ್ಕು ವರ್ಷದ ರೂಢಿ, ನಲ್ಲಿ ಕಿತ್ತುಹೋಯ್ತು ರೀ, ಗ್ಯಾಸ್ ಮುಗೀತು ರೀ, ಇವಳಿಗೆ ಜ್ವರ ಇಳೀತು ರೀ, ಏನಾದರೂ ಆದರೆ ಮೊದಲು ಅವನಿಗೆ, ಕೆಲ್ಸ ಸಿಕ್ತು ರೀ, ನಿಮ್ಮನ್ನ ಬಿಟ್ಟು ಬದುಕೋಕೆ ಒಂದು ಕೆಲ್ಸ ಸಿಕ್ತು ರೀ — ನಗು ಬಂತು, ಪಕ್ಕದವಳು ತಿರುಗಿ ನೋಡಿದಳು, ಬಾಯಿಗೆ ಸೆರಗು ಅಡ್ಡ ಹಿಡಿದಳು, ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಅಮ್ಮನಿಗೆ ಹೇಳಿದರೆ, ಆಗಲೇ ಕೆಲಸಕ್ಕೂ ಸೇರಿಬಿಟ್ಟೆಯಾ, ಇನ್ನೆಲ್ಲಿ ಕೂಡಿ ಬಾಳ್ತೀರಿ ಅನ್ನುತ್ತಾಳೆ. ಗೆಳತಿಯರು ಅಂತ ಇದ್ದವರೆಲ್ಲ ಅವನ ಗೆಳೆಯರ ಹೆಂಡತಿಯರು. ಕೊನೆಗೆ ವಕೀಲರಮ್ಮನಿಗೆ ಬರೆದಳು, ಕೆಲಸ ಸಿಕ್ಕಿತು, ಎರಡು ಸ್ಟಾಪು ಕಳೆದ ಮೇಲೆ ಹೆಬ್ಬೆಟ್ಟಿನ ಚಿತ್ರ ಬಂತು, ಅದರ ಕೆಳಗೆ, ಆರ್ಡರ್ ಕಾಗದ ಜೋಪಾನ, ನಕಲು ತರುವುದು. ಅಷ್ಟೇ. ಲೋಕದಲ್ಲಿ ಈಗ ಒಬ್ಬರಿಗೆ ಗೊತ್ತು. ಊಟದ ಹೊತ್ತಿನ ಬೀದಿ, ಅಂಗಡಿಗಳ ಅರ್ಧ ಇಳಿಸಿದ ಷಟರು, ಚಪ್ಪಲಿಯ ಸದ್ದು ತನ್ನದೇ, ನಾಲ್ಕನೇ ತಿರುವು, ಗೇಟು, ಶನಿವಾರ ಅಲ್ಲವೇ, ಮಗಳಿಗೆ ಅರ್ಧ ದಿನದ ಸ್ಕೂಲು, ಮರೆತೇಬಿಟ್ಟಿದ್ದೆ, ಬೀಗ ತೆಗೆದಿದೆ, ಷೂ ಎರಡು ಬಾಗಿಲಲ್ಲಿ ಒಂದರ ಮೇಲೊಂದು ಬಿದ್ದಿವೆ.

ಮಗಳು ಸಮವಸ್ತ್ರದಲ್ಲೇ ಊಟದ ಮೇಜಿನ ಹತ್ತಿರ ಕೂತಿದ್ದಾಳೆ, ತಟ್ಟೆ ಹಾಕಿಕೊಂಡಿಲ್ಲ, ಟಿವಿ ಹಾಕಿಲ್ಲ, ಇವಳ ಕೈಯಲ್ಲಿನ ಲಕೋಟೆಯನ್ನೇ ನೋಡುತ್ತಿದ್ದಾಳೆ, ಲಕೋಟೆಯ ಮೇಲೆ ಲ್ಯಾಬಿನ ಹೆಸರು, ಕೆಂಪು ಹನಿಯ ಗುರುತು, ಅಮ್ಮಾ ರಿಪೋರ್ಟ್ ಬಂತಾ ಅಂತ ಕೇಳಿದಳು. ಯಾವ ರಿಪೋರ್ಟು ಪುಟ್ಟಿ, ನಿಂದು, ನಂದು ಯಾಕೆ, ಸುಳ್ಳು ಹೇಳ್ಬೇಡ ಅಮ್ಮ, ನಂಗೆ ಗೊತ್ತು, ಅಂದು ಎದ್ದು ಬಂದು ಎಡಗೈ ಹಿಡಿದು ಕುಪ್ಪಸದ ತೋಳನ್ನು ಮೇಲೆ ಸರಿಸಿದಳು, ಮೊಣಕೈಯ ಒಳಮಡಿಕೆಯಲ್ಲಿ ಗುರುತುಗಳು, ಹಳೆಯವು ಹಳದಿ, ಹೊಸವು ನೇರಳೆ, ಅಯ್ಯೋ ದೇವರೇ, ತರಬೇತಿಯ ಹುಡುಗಿಯರು, ರಬ್ಬರಿನ ತೋಳು ಸಾಕಾಗಿ ಒಬ್ಬರಿಗೊಬ್ಬರು ಚುಚ್ಚಿಕೊಳ್ಳುವಾಗ ಎಲ್ಲರೂ ಹಿಂದೆಗೆದರು, ಬನ್ರಮ್ಮ, ನನಗೆ ಚುಚ್ಚಿ, ನಂದು ದಪ್ಪ ಚರ್ಮ ಅಂತ ಇವಳೇ ಕೈ ಚಾಚಿದ್ದಳು, ನೋವಾಯ್ತಾ ಆಂಟಿ, ಇಲ್ಲ ಕಣೇ, ನೋವಾಗಿತ್ತು, ಆದರೆ ಯಾರೋ ತನ್ನ ಕೈಯನ್ನು ಅಷ್ಟು ಜೋಪಾನವಾಗಿ ಹಿಡಿದುಕೊಂಡಿದ್ದರಲ್ಲ, ಅದಕ್ಕೇ ಎರಡನೇ ಸಲವೂ ಚಾಚಿದ್ದಳು, ಮೂರನೇ ಸಲವೂ — ಮಗಳು ಹೇಳುತ್ತಿದ್ದಾಳೆ, ನೀನು ಪಾತ್ರೆ ತೊಳೆಯುವಾಗ ನೋಡ್ದೆ, ಮೊದಲು ಎರಡಿತ್ತು, ಹೋದ ವಾರ ನಾಲ್ಕಿತ್ತು, ನಾನು ಎಣಿಸ್ತಾನೇ ಇದೀನಿ, ನಿನ್ನ ಬ್ಯಾಗಲ್ಲಿ ಹತ್ತಿ ಇತ್ತು, ಬಾತ್ರೂಮಲ್ಲಿ ನೀರು ಬಿಟ್ಟುಕೊಂಡು ಅಳ್ತೀಯ, ಅಪ್ಪಂಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ ನಾನು. ಅದಕ್ಕೇನಾ ಒಂದು ತಿಂಗಳಿಂದ ತಟ್ಟೆ ತಾನೇ ತೊಳೆದಿಡುತ್ತಿದ್ದದ್ದು, ನೀನು ಕೂತ್ಕೋ ಅಮ್ಮ ನಾನು ಗುಡಿಸ್ತೀನಿ ಅನ್ನುತ್ತಿದ್ದದ್ದು, ದೊಡ್ಡವಳಾಗುತ್ತಿದ್ದಾಳೆ ಅಂದುಕೊಂಡು ಹಿಗ್ಗಿದ್ದಳಲ್ಲ, ಒಂದೇ ಗೋಡೆಯ ಆಚೆ ಹದಿಮೂರರ ಕೂಸು ತಾಯಿ ಸಾಯುವುದನ್ನು ಎಣಿಸುತ್ತಾ ಒಬ್ಬಳೇ ಮಲಗುತ್ತಿತ್ತು, ಈಚೆ ತಾನು, ಇಬ್ಬರೂ ಒಬ್ಬರಿಗೊಬ್ಬರು ಕೇಳಿಸದ ಹಾಗೆ. ಕಾಯಿಲೆ ಇಲ್ಲ ಪುಟ್ಟಿ ಅಂದಳು, ಕಾಯಿಲೆ ಅಲ್ಲವೇ ಅಲ್ಲ, ಲಕೋಟೆ ತೆಗೆದು ಕಾಗದ ತೋರಿಸಿದಳು, ಓದು, ಕೆಲಸ, ಸೋಮವಾರದಿಂದ, ಕಲಿಯೋಕೆ ಹೋಗಿದ್ದೆ, ಅದರ ಗುರುತು ಇವು, ಮಗಳು ಓದಿದಳು, ಮತ್ತೆ ಓದಿದಳು, ಮತ್ತೆ ಅಳೋದು ಯಾಕೆ ಅಂದಳು, ಅದಕ್ಕೆ ಏನಾದರೂ ಒಂದು ಹೇಳಿಬಿಡಬಹುದಿತ್ತು, ತಲೆನೋವು, ಸುಸ್ತು, ಪರೀಕ್ಷೆ ಮುಗಿಯಲಿ ಅಂದಿದ್ದ ಅವನು, ಆತುರವೇನಿಲ್ಲ ಅಂದಿದ್ದ, ಇಲ್ಲ, ಇನ್ನು ಒಂದು ರಾತ್ರಿಯೂ ಈ ಕೂಸು ಒಬ್ಬಳೇ ಎಣಿಸಬಾರದು, ನಾನೂ ಅಪ್ಪನೂ ಬೇರೆ ಆಗ್ತಿದೀವಿ ಅಂದಳು, ತನ್ನ ದನಿ ತನಗೇ ಲ್ಯಾಬಿನ ದನಿಯ ಹಾಗೆ ಕೇಳಿಸಿತು, ಸ್ವಲ್ಪ ಚುರ್ ಅನ್ನುತ್ತೆ ಅನ್ನುವಾಗಿನ ದನಿ, ನೀನು ಏನೂ ಮಾಡಿಲ್ಲ, ಅಪ್ಪನೂ ಕೆಟ್ಟವರಲ್ಲ, ಮನೆ ಚಿಕ್ಕದಾಗಬಹುದು, ಬೆಳಿಗ್ಗೆ ನಾನಿರಲ್ಲ, ಬಾಗಿಲು ನೀನೇ ಹಾಕ್ಕೊಂಡು ಹೋಗ್ಬೇಕಾಗುತ್ತೆ. ಮಗಳು ಅವಳ ಮುಖ ನೋಡಿದಳು. ಅಷ್ಟೇನಾ ಅಂದಳು. ಅಷ್ಟೇ. ಸಾಯಲ್ಲ ತಾನೇ. ಸಾಯಲ್ಲ ಕಣೇ. ಆಣೆ ಮಾಡು, ಆಣೆಗೂ ಸಾಯಲ್ಲ — ಮಗುವಿನ ಮುಖ ಒಮ್ಮೆ ಪೂರ್ತಿ ಅರಳಿತು, ನಕ್ಕೇಬಿಟ್ಟಿತು, ಉಸಿರು ಬಿಟ್ಟು ಭುಜ ಇಳಿಯಿತು, ಆಮೇಲೆ, ಬಾವಿಗೆ ಹಾಕಿದ ಕಲ್ಲಿನ ಸದ್ದು ತಡವಾಗಿ ಬರುತ್ತದಲ್ಲ ಹಾಗೆ, ಉಳಿದ ಮಾತು ಒಳಗೆ ತಲುಪಿತು, ಬೇರೆ ಅಂದರೆ, ಅಪ್ಪ ಅಂದರೆ, ನಗು ತುಟಿಯ ಮೇಲೆ ಹಾಗೇ ನಿಂತಿದೆ, ಕಣ್ಣು ಮಾತ್ರ ತುಂಬಿಕೊಳ್ಳುತ್ತಿದೆ, ಮಗಳ ಬೆರಳು ಇನ್ನೂ ಅವಳ ಕೈಮೇಲೇ ಇದೆ, ತುದಿಯಲ್ಲಿ ನೀಲಿ ಶಾಯಿ ಹತ್ತಿದ ತೋರುಬೆರಳು, ಏನಾದರೂ ಹೇಳಬೇಕು, ತಬ್ಬಿಕೊಳ್ಳಬೇಕು, ಊಟಕ್ಕೆ ಹಾಕಬೇಕು, ಬೆರಳು ಮತ್ತೆ ಎಣಿಸುತ್ತಿದೆ, ಒಂದು, ಎರಡು, ತಾನು ಏನು ಮಾಡುತ್ತಿದ್ದೇನೆ ಅಂತ ಅದಕ್ಕೇ ಗೊತ್ತಿಲ್ಲದ ಹಾಗೆ, ಮೂರು, ನಾಲ್ಕು, ಬೆರಳು, ಎಲ್ಲಕ್ಕಿಂತ ಹೊಸದರ ಮೇಲೆ ಬಂದು ನಿಂತಿತು, ರಕ್ತ ನಿಲ್ಲಲಿ ಅಂತ ಹತ್ತಿ ಒತ್ತುತ್ತಾರಲ್ಲ ಹಾಗೆ ಒತ್ತಿ ಹಿಡಿಯಿತು, ನೋಯುತ್ತಿದೆ, ಅವಳು ಕೈ ತೆಗೆಯಲಿಲ್ಲ, ಅಲ್ಲೇ ಇದೆ ಆ ಶಾಯಿಯ ಬೆರಳು